ಮುಳುಗಡೆಯವರ ಊರಿನ ಚರಿತ್ರೆ ಬರೆಯುವುದು ಹೇಗೆ

ನಮ್ಮೂರಿಗೆ ಶಾಸನವಿಲ್ಲ, ವೀರಗಲ್ಲಿಲ್ಲ, ಸ್ಥಳಪುರಾಣವೂ ಇಲ್ಲ. 1964ಕ್ಕೆ ಮುಂಚೆ ಇಲ್ಲಿದ್ದದ್ದು ಮತ್ತಿ, ಹೊನ್ನೆ, ನಂದಿ ಮರಗಳು ಮತ್ತು ಬಿದಿರ ಮೆಳೆ. ಲಿಂಗನಮಕ್ಕಿಯಲ್ಲಿ ಅಣೆಕಟ್ಟೆ ಎದ್ದು ಶರಾವತಿಯ ನೀರು ಕಣಿವೆ ತುಂಬತೊಡಗಿದಾಗ ಸಾಗರ ತಾಲ್ಲೂಕಿನ ಹಳ್ಳಿಗಳನ್ನು ಬಿಟ್ಟು ಬಂದ ನಮ್ಮವರನ್ನು ಲಾರಿಗಳು ಶಿವಮೊಗ್ಗ ತಾಲ್ಲೂಕಿನ ಈ ಕಾಡಿನಲ್ಲಿ ಇಳಿಸಿ ಹೋದವು. ಹಾಗೆ ಇಳಿದವರಲ್ಲಿ ಐದು ವರ್ಷದ ನಾನೂ ಒಬ್ಬ. ಮುಂದೆ ಇದೇ ಊರಿನ ಶಾಖಾ ಅಂಚೆ ಕಚೇರಿಯನ್ನು 40 ವರ್ಷಕ್ಕೂ ಮಿಕ್ಕಿ ನೋಡಿಕೊಂಡೆ. ಕೆಲಸದ ಕೊನೆಯ ವರ್ಷಗಳಲ್ಲಿ ಶುರು ಮಾಡಿ, ನಿವೃತ್ತಿಯಾದ ಮೇಲೆ ಮುಗಿಸಿದ್ದು ನಮ್ಮ 34 ಮನೆಗಳ ಚರಿತ್ರೆ. ಊರಿನ ಹೆಸರನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ.

ಇಂಥ ಊರುಗಳು ನಮ್ಮ ರಾಜ್ಯದಲ್ಲಿ ಬಹಳ ಇವೆ. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದಕ್ಕೂ ಗಂಗಾವತಿ, ಸಿಂಧನೂರು ಕಡೆ ಹುಟ್ಟಿದ ಕ್ಯಾಂಪುಗಳು, ಆಲಮಟ್ಟಿ ಹಿನ್ನೀರಿನಿಂದ ಎದ್ದವರ ಪುನರ್ವಸತಿ ಕೇಂದ್ರಗಳು, ವಾರಾಹಿ ಮತ್ತು ಚಕ್ರಾ ಯೋಜನೆಗಳಲ್ಲಿ ಮನೆ ಕಳೆದುಕೊಂಡವರು ಕಟ್ಟಿದ ಕೇರಿಗಳು. ಅಂಥ ಯಾವುದೋ ಊರಿನಲ್ಲಿ ಕುಳಿತು, ‘ನಮ್ಮದನ್ನೂ ಬರೆಯಬೇಕು’ ಎಂದುಕೊಂಡಿರುವವರಿಗಾಗಿ ನಾನು ಮಾಡಿದ ಕೆಲಸದ ಕ್ರಮವನ್ನು ಹೇಳುತ್ತಿದ್ದೇನೆ.

ಮೊದಲು ಹಿರಿಯರ ಮನೆಗೆ ಹೋಗಿ, ಕಚೇರಿಗೆ ಆಮೇಲೆ. ಕಾಗದ ಇನ್ನೊಂದು ವರ್ಷ ಕಾಯುತ್ತದೆ. 1964ರಲ್ಲಿ 15 ವರ್ಷದವರಾಗಿದ್ದವರಿಗೆ ಈಗ 75 ದಾಟಿದೆ. ನಮ್ಮೂರಿನ ಮೊದಲ ತಂಡದ ಜೊತೆ ಬಂದು, ಯಾವ ಮನೆ ಎಲ್ಲಿ ಎಂದು ಕೋಲಿನಲ್ಲಿ ಗೀಟೆಳೆದು ತೋರಿಸಿದ್ದ ಹಿರಿಯರೊಬ್ಬರು ನನ್ನ ಮನೆಯಿಂದ ಎರಡು ಫರ್ಲಾಂಗ್ ದೂರದಲ್ಲಿದ್ದರು. ಅಡಿಕೆ ಕೊಯ್ಲು ಮುಗಿಯಲಿ, ನಿಧಾನವಾಗಿ ಕುಳಿತು ಕೇಳೋಣ ಎಂದು ಮುಂದೂಡಿದೆ. ಕೊಯ್ಲು ಮುಗಿಯುವ ಮೊದಲೇ ಅವರು ತೀರಿಕೊಂಡರು. ಅವರ ಕೋಲು ಯಾವ ಮರದಿಂದ ಶುರುವಾಯಿತು ಎಂಬುದನ್ನು ಇನ್ನು ಯಾರೂ ಹೇಳಲಾರರು.

ಹಿರಿಯರನ್ನು ‘ಯಾವಾಗ ಬಂದಿರಿ?’ ಎಂದು ಕೇಳಬೇಡಿ. ‘ಬಹಳ ಹಿಂದೆ’ ಎಂಬ ಉತ್ತರ ಬರುತ್ತದೆ, ಇಲ್ಲವೇ ನಿಮ್ಮನ್ನು ಸಮಾಧಾನಪಡಿಸಲು ಯಾವುದೋ ಒಂದು ಇಸವಿ. ಬಂದ ದಿನ ಯಾವ ಮಳೆ ಹಿಡಿದಿತ್ತು, ಬಿಟ್ಟು ಬಂದ ಗದ್ದೆಯಲ್ಲಿ ಏನಿತ್ತು, ಕಂಕುಳಲ್ಲಿ ಯಾವ ಮಗು ಇತ್ತು, ಯಾವ ಹಸು ಗಬ್ಬವಾಗಿತ್ತು ಎಂದು ಕೇಳಿ. ನನ್ನ ಸೋದರತ್ತೆ ಹೇಳಿದ್ದು ಹೀಗೆ: ‘ನೆಹರೂ ಸತ್ತ ವರ್ಷ. ಪುನರ್ವಸು ಹಿಡಿದಿತ್ತು. ಸಸಿಮಡಿ ಹಾಕಿದ್ದೆವು, ಕೀಳುವುದಕ್ಕೆ ಆಗಲಿಲ್ಲ.’ ನೆಹರೂ ತೀರಿಕೊಂಡದ್ದು 1964ರ ಮೇ 27. ಪುನರ್ವಸು ಮಳೆ ನಕ್ಷತ್ರ ಶುರುವಾಗುವುದು ಜುಲೈ 5 ಅಥವಾ 6ಕ್ಕೆ. ಅಂದರೆ ನಮ್ಮ ಮನೆಯವರು ಲಾರಿ ಹತ್ತಿದ್ದು ಆ ಜುಲೈ 5ರಿಂದ 19ರ ನಡುವಿನ ಎರಡು ವಾರಗಳಲ್ಲಿ. ಜೊತೆಗೆ ಇನ್ನೊಂದು ಸಂಗತಿಯೂ ಆ ಮೂರು ಮಾತಿನಲ್ಲಿದೆ. ನೀರು ತನ್ನ ಗದ್ದೆಯವರೆಗೆ ಬರುವುದಿಲ್ಲ ಎಂದು ಅಜ್ಜ ಕೊನೆಯವರೆಗೂ ನಂಬಿದ್ದರು. ಇಲ್ಲದಿದ್ದರೆ ಬಿತ್ತನೆ ಭತ್ತವನ್ನು ಮಡಿಗೆ ಚೆಲ್ಲುತ್ತಿರಲಿಲ್ಲ.

ನಿಮ್ಮ ನೋಟುಪುಸ್ತಕದ ಮೊದಲ ಪುಟದಲ್ಲೇ ಮಳೆ ನಕ್ಷತ್ರಗಳನ್ನು ಬರೆದಿಟ್ಟುಕೊಳ್ಳಿ. ಮೃಗಶಿರ ಜೂನ್ ಮೊದಲ ವಾರದ ಕೊನೆಗೆ, ಆರಿದ್ರಾ ಜೂನ್ 21ರ ಆಸುಪಾಸು, ಪುನರ್ವಸು ಆದ ಮೇಲೆ ಪುಷ್ಯ ಜುಲೈ 19ರ ಹೊತ್ತಿಗೆ, ಆಶ್ಲೇಷ ಆಗಸ್ಟ್ ಆರಂಭಕ್ಕೆ, ಮಘಾ ಆಗಸ್ಟ್ ನಡುವಿಗೆ. ಅದರ ಕೆಳಗೆ ಎಲ್ಲರಿಗೂ ನೆನಪಿರುವ ಘಟನೆಗಳು: 1962ರ ಚೀನಾ ಯುದ್ಧ, 1965ರ ಪಾಕಿಸ್ತಾನ ಯುದ್ಧ, 1966ರ ಜನವರಿಯಲ್ಲಿ ಶಾಸ್ತ್ರಿಯವರ ಸಾವು, 1975ರ ತುರ್ತು ಪರಿಸ್ಥಿತಿ. ಇಷ್ಟು ಕೈಯಲ್ಲಿದ್ದರೆ ಅಕ್ಷರ ಬಾರದ ಅಜ್ಜಿಯ ಮಾತಿನಿಂದಲೂ ತಿಂಗಳನ್ನು ಹಿಡಿಯಬಹುದು.

ಹೆಂಗಸರ ಜೊತೆ ಬೇರೆಯಾಗಿ ಕುಳಿತು ಮಾತನಾಡಿ. ಗಂಡಸರು ಎದುರಿಗಿದ್ದರೆ ಅವರೇ ಉತ್ತರಿಸುತ್ತಾರೆ. ಗಂಡಸರಿಂದ ನನಗೆ ಸಿಕ್ಕಿದ್ದು ಮರ ಕಡಿದದ್ದು, ಕಾಡಾನೆ, ಅಮಲ್ದಾರರ ಕಚೇರಿಗೆ ನಡೆದ ದಾರಿ. ಹೆಂಗಸರಿಂದ ಸಿಕ್ಕಿದ್ದು ನೀರು. ಬಾವಿ ತೋಡುವವರೆಗೆ ಯಾವ ಹಳ್ಳದಿಂದ ಹೊತ್ತರು, ಬೇಸಿಗೆಯಲ್ಲಿ ಅದು ಬತ್ತಿದಾಗ ಎಷ್ಟು ದೂರ ಹೋದರು, ಮೊದಲ ಮಳೆಗಾಲ ಕಳಲೆ, ಕೆಸು ಮತ್ತು ಗೆಣಸಿನ ಮೇಲೆ ಹೇಗೆ ಕಳೆಯಿತು, ಯಾರ ಬಾಣಂತನ ಸೋಗೆ ಗುಡಿಸಲಿನಲ್ಲಿ ಆಯಿತು, ಯಾವ ಮಗು ಉಳಿಯಲಿಲ್ಲ. ಇಂಥ ಮಾತು ಬಂದಾಗ ಮುಂದಿನ ಪ್ರಶ್ನೆಯನ್ನು ತಡೆದಿಟ್ಟುಕೊಳ್ಳಿ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ‘ಜ್ವರ’ ಎಂದರೆ ‘ಜ್ವರ’ ಎಂದೇ ಬರೆದುಕೊಳ್ಳಿ. ಕಾಡಿನ ಅಂಚಿನಲ್ಲಿ ಅದು ಮಲೇರಿಯಾ ಇರಬಹುದು, ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯೂ ಇರಬಹುದು. ಅದನ್ನು ತೀರ್ಮಾನಿಸುವ ಹಕ್ಕು ನಮಗಿಲ್ಲ.

ಮೊಬೈಲಿನಲ್ಲಿ ಧ್ವನಿ ಹಿಡಿಯುವ ಮೊದಲು ಅನುಮತಿ ಕೇಳಿ. ಆ ಅನುಮತಿಯ ಮಾತನ್ನೂ ಸೇರಿಸಿಯೇ ಹಿಡಿಯಿರಿ. ಹೆಸರು, ಮನೆ, ದಿನಾಂಕವನ್ನು ಶುರುವಿನಲ್ಲಿ ನೀವೇ ಗಟ್ಟಿಯಾಗಿ ಹೇಳಿ. ಅದೇ ದಿನ ಸಂಜೆ ಇನ್ನೊಂದು ಕಡೆ ಪ್ರತಿ ಮಾಡಿಡಿ. ನನ್ನ ಹಳೆಯ ಫೋನು ಮಳೆಯಲ್ಲಿ ಕೆಟ್ಟು ಮೂವರ ಮಾತು ಹೋಯಿತು. ಒಬ್ಬರು ಮಾತ್ರ ಮತ್ತೆ ಹೇಳಲು ಒಪ್ಪಿದರು.

ಮನೆಯೊಳಗಿನ ವಸ್ತುಗಳನ್ನು ನೋಡದೆ ಎದ್ದು ಬರಬೇಡಿ. ನಮ್ಮವರು ಹಳೆಯ ಮನೆಯನ್ನು ಬಿಚ್ಚಿ ತಂದವರು. ಕಂಬ, ತೊಲೆ, ಬಾಗಿಲು, ದಾರಂದ, ಒಡೆಯದೆ ಉಳಿದ ಹೆಂಚು, ಎಲ್ಲವೂ ಲಾರಿಯಲ್ಲಿ ಬಂದವು. ಹೆಂಚನ್ನು ಕವುಚಿ ಹಾಕಿ ನೋಡಿದರೆ ಮಂಗಳೂರಿನ ಯಾವ ಕಾರ್ಖಾನೆಯದು ಎಂದು ಅಚ್ಚಿನಲ್ಲಿರುತ್ತದೆ. ನನಗೆ ಅದಕ್ಕಿಂತ ಹೆಚ್ಚು ಹೇಳಿದ್ದು ನಮ್ಮ ಕೊಟ್ಟಿಗೆಯ ಕಂಬಗಳು. ಹಲಸಿನ ಮರದ ಆ ಕಂಬಗಳ ಬುಡದಲ್ಲಿ, ಮೊಣಕಾಲಿನ ಎತ್ತರಕ್ಕೆ, ಉಳಿಯಿಂದ ಕೊರೆದ ಅಡ್ಡ ಗೀಟುಗಳಿವೆ. ಬಿಚ್ಚಿದ್ದನ್ನು ಅದೇ ಕ್ರಮದಲ್ಲಿ ನಿಲ್ಲಿಸಲು ಆಚಾರಿ ಹಾಕಿದ ಗುರುತು ಅವು. ಚಿಕ್ಕಂದಿನಿಂದ ಅಲ್ಲಿ ಕರುವಿಗೆ ಹಗ್ಗ ಕಟ್ಟಿದ್ದೇನೆ, ಬೆರಳಿಗೆ ಆ ಗೀಟು ಸಿಕ್ಕಿದೆ, ಏನೆಂದು ಒಮ್ಮೆಯೂ ಕೇಳಿರಲಿಲ್ಲ. ಚರಿತ್ರೆ ಬರೆಯಲು ಕುಳಿತ ಮೇಲೆ ಟಾರ್ಚ್ ಹಿಡಿದು ಸೆಗಣಿ ಕೆರೆದು ಎಣಿಸಿದೆ. ಒಂದು ಗೀಟಿನ ಕಂಬ, ಎರಡು ಗೀಟಿನದು, ನಾಲ್ಕು, ಐದು. ಮೂರು ಗೀಟಿನದು ಇಲ್ಲ, ಆರು ಗೀಟಿನದೂ ಇಲ್ಲ. ಸೋದರತ್ತೆಯನ್ನು ಕೇಳಿದಾಗ ತಿಳಿಯಿತು: ಹೊರಡುವ ಹಿಂದಿನ ದಿನ ಅಜ್ಜ ಮತ್ತು ಅವರ ತಮ್ಮ ಪಾಲಾದರು. ತಮ್ಮ ಹೊಸನಗರದ ಕಡೆಗೆ ಹೊರಟರು. ಆರು ಕಂಬಗಳಲ್ಲಿ ಎರಡು ಅವರ ಪಾಲಿಗೆ ಹೋದವು. ಆ ಪಾಲುಪಟ್ಟಿ ಯಾವ ಕಾಗದದಲ್ಲೂ ಇಲ್ಲ. ಇರುವುದು ಕಂಬದ ಬುಡದಲ್ಲಿ ಮಾತ್ರ.

ಹೀಗೆ ಪ್ರತಿ ಮನೆಯಲ್ಲೂ ‘ಆ ಊರಿನಿಂದ ಬಂದದ್ದು ಏನೇನಿದೆ?’ ಎಂದು ಕೇಳಿ ಪಟ್ಟಿ ಮಾಡಿ. ಒಬ್ಬರ ಮನೆಯಲ್ಲಿ ಭೂಮಿ ಹುಣ್ಣಿಮೆಗೆ ಚಿತ್ತಾರ ಬರೆಯುವ ಭೂಮಣ್ಣಿ ಬುಟ್ಟಿ ಇತ್ತು. ಇನ್ನೊಬ್ಬರ ಹಿತ್ತಿಲಿನ ಅಪ್ಪೆಮಿಡಿ ಮರ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಓಟೆಯಿಂದ ಹುಟ್ಟಿದ್ದು. ಊರ ಬನದ ಚೌಡಿಯ ಕಲ್ಲನ್ನೂ ಕಣಿವೆಯಿಂದಲೇ ತಂದದ್ದು. ಯಾರು ಹೊತ್ತರು ಎಂಬುದಕ್ಕೆ ಎರಡು ಮನೆಯವರು ಎರಡು ಮಾತು ಹೇಳುತ್ತಾರೆ. ನಾನು ಎರಡನ್ನೂ ಬರೆದೆ. ನೀವೂ ಹಾಗೆಯೇ ಮಾಡಿ. ನಡುವೆ ನ್ಯಾಯ ಹೇಳಲು ಹೋದರೆ ಒಂದು ಮನೆಯ ಬಾಗಿಲು ನಿಮಗೆ ಮುಚ್ಚುತ್ತದೆ.

ಅಂಚೆಯವನಾಗಿ ಒಂದು ಕಿವಿಮಾತು: ಹಳೆಯ ಕಾಗದಗಳನ್ನು ಕೇಳಿ, ಅದರಲ್ಲೂ ವಿಳಾಸದ ಭಾಗವನ್ನು. ಒಳಗಿನ ವಿಷಯ ಮನೆಯವರದು, ಓದಬೇಡಿ. ಹೊರಗಿನ ವಿಳಾಸ ಮತ್ತು ಮುದ್ರೆ ಊರಿನದು. ನಮ್ಮಲ್ಲಿ ಸಿಕ್ಕ ಅತ್ಯಂತ ಹಳೆಯ ಇನ್‌ಲ್ಯಾಂಡ್ ಪತ್ರದ ಮೇಲೆ ನಮ್ಮೂರಿನ ಹೆಸರೇ ಇಲ್ಲ. ಪಕ್ಕದ ಊರಿನ ಪಟೇಲರ ಮನೆಯ ಕೇರಾಫ್ ಇದೆ. ಆಮೇಲಿನವುಗಳಲ್ಲಿ ‘ಮುಳುಗಡೆ ಕ್ಯಾಂಪು’. ಈಗಿನ ಹೆಸರು ಬರುವುದು ಅದಕ್ಕೂ ಬಹಳ ವರ್ಷಗಳ ನಂತರ. ಅಂಚೆ ಮುದ್ರೆಯ ತಾರೀಖುಗಳನ್ನು ಸಾಲಾಗಿ ಇಟ್ಟರೆ ಒಂದು ಕ್ಯಾಂಪು ಯಾವಾಗ ಊರಾಯಿತು ಎಂಬುದು ಕಣ್ಣಿಗೇ ಕಾಣುತ್ತದೆ. ಮದುವೆಯ ಕರೆಯೋಲೆಗಳೂ ಇದೇ ಕೆಲಸಕ್ಕೆ ಬರುತ್ತವೆ.

ಇಷ್ಟಾದ ಮೇಲೆ ಸರ್ಕಾರಿ ದಾಖಲೆ. ಪಹಣಿಯನ್ನು ಈಗ ಮೊಬೈಲಿನಲ್ಲೇ ನೋಡಬಹುದು, ಆದರೆ ನಿಮಗೆ ಬೇಕಾದದ್ದು ಕಂಪ್ಯೂಟರ್ ಬರುವುದಕ್ಕೆ ಮುಂಚಿನ ಕೈಬರಹದ ಪಹಣಿ. ಅದು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿರುತ್ತದೆ. 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 10ರಲ್ಲಿ ಅದು ಹೇಗೆ ಬಂತು, 11ರಲ್ಲಿ ಋಣ ಮತ್ತು ಹಕ್ಕುಗಳು, 12ರಲ್ಲಿ ಉಳುವವರು ಯಾರು. 9ನೇ ಮತ್ತು 12ನೇ ಕಾಲಂಗಳ ಹೆಸರು ಬೇರೆಬೇರೆ ಇದ್ದರೆ ಅಲ್ಲಿ ಒಂದು ಕಥೆ ಇದೆ ಎಂದೇ ತಿಳಿಯಿರಿ. ಜೊತೆಗೆ ಗ್ರಾಮ ನಕಾಶೆ, ಆಕಾರಬಂದ್ (ಸರ್ವೆ ನಂಬರುಗಳ ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿ) ಮತ್ತು ಮ್ಯುಟೇಷನ್ ರಿಜಿಸ್ಟರಿನ (ಖಾತೆ ಬದಲಾವಣೆಯ ಪುಸ್ತಕ) ನಕಲು ಕೇಳಿ. ತಲೆಬರಹದಲ್ಲಿ ‘ಮೈಸೂರು ರಾಜ್ಯ’ ಎಂದು ಅಚ್ಚಾಗಿದ್ದರೆ ಆ ನಮೂನೆ ಮುದ್ರಣವಾದದ್ದು 1973ರ ನವೆಂಬರಿಗೆ ಮೊದಲು. ದಾಖಲೆ ಸಿಗಲಿಲ್ಲ ಎಂದು ಹೇಳಿ ಕಳಿಸಿದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ, 30 ದಿನಗಳ ಗಡುವು. ‘ಎಲ್ಲಾ ದಾಖಲೆ ಕೊಡಿ’ ಎಂದು ಬರೆಯಬೇಡಿ. ಗ್ರಾಮ, ಸರ್ವೆ ನಂಬರ್, ವರ್ಷ ಇಷ್ಟನ್ನು ಬಿಡಿಸಿ ಬರೆಯಿರಿ.

ಶಾಲೆಯ ದಾಖಲಾತಿ ಪುಸ್ತಕವನ್ನು ತಪ್ಪದೆ ನೋಡಿ. ಹುಟ್ಟಿದ ಊರು, ಹಿಂದೆ ಓದಿದ ಶಾಲೆ ಎಂಬ ಕಲಮುಗಳಲ್ಲಿ ಮುಳುಗಿದ ಹಳ್ಳಿಗಳ ಹೆಸರುಗಳು ಮಕ್ಕಳ ಹೆಸರಿನ ಮುಂದೆ ಸಾಲುಸಾಲಾಗಿ ಬರುತ್ತವೆ. ನಮ್ಮ ಶಾಲೆಯ ಆ ಪುಟ ಓದುವಾಗ ನನಗೆ ಗಂಟಲು ಕಟ್ಟಿತು. ಆದರೆ ಹುಟ್ಟಿದ ದಿನಾಂಕವನ್ನು ನಂಬಬೇಡಿ. ಜೂನ್ 1 ಎಂದಿರುವ ಮಕ್ಕಳೆಲ್ಲ ಜೂನ್ 1ಕ್ಕೆ ಹುಟ್ಟಿದವರಲ್ಲ, ಅದು ಮೇಷ್ಟ್ರು ಕೊಟ್ಟ ಹುಟ್ಟುಹಬ್ಬ.

ಬಿಟ್ಟು ಬಂದ ಊರಿನ ವಿಷಯಕ್ಕೆ 1961ರ ಜನಗಣತಿಯ ಜಿಲ್ಲಾ ಕೈಪಿಡಿ ಹುಡುಕಿ. ಮುಳುಗುವ ಮುಂಚೆ ಸರ್ಕಾರ ಆ ಹಳ್ಳಿಗಳನ್ನು ಎಣಿಸಿದ್ದು ಅದೇ ಕೊನೆಯ ಸಲ. ಆಮೇಲಿನ ಕಂದಾಯ ದಾಖಲೆಗಳಲ್ಲಿ ಕೆಲವು ಊರುಗಳ ಎದುರು ‘ಬೇಚರಾಕ್’ ಎಂಬ ಒಂದೇ ಪದ ಕಾಣಬಹುದು. ಜನವಸತಿ ಇಲ್ಲ ಎಂದು ಅದರರ್ಥ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಆವೃತ್ತಿಯ ನಕ್ಷೆಗಳಲ್ಲಿ, ಅಣೆಕಟ್ಟೆಯ ಭಾಗಕ್ಕೆ 48ಜೆ ಹಾಳೆಗಳಲ್ಲಿ, ಈಗ ನೀರಿರುವ ಕಡೆ ಹೊಳೆಯ ತಿರುವು, ಕಾಲುದಾರಿ, ಗದ್ದೆ ಬಯಲು ಕಾಣುತ್ತವೆ. ಹಿರಿಯರ ಎದುರಿಗೆ ಆ ನಕ್ಷೆಯ ದೊಡ್ಡ ಪ್ರತಿಯನ್ನು ಹಾಸಿ ನೋಡಿ. ಓದಲು ಬಾರದವರೂ ಹೊಳೆಯ ತಿರುವಿನ ಮೇಲೆ ಬೆರಳಿಟ್ಟು ಊರು ಹಿಡಿಯುತ್ತಾರೆ.

ಈಗ ಈ ಕೆಲಸದ ಅತಿ ಕಷ್ಟದ ಭಾಗ. ಕಾಗದದಲ್ಲಿ ಹೆಸರಿಲ್ಲದವರನ್ನು ಹೇಗೆ ಬರೆಯುವುದು? ನಮ್ಮ ಅಜ್ಜ ಗೇಣಿ ಮಾಡುತ್ತಿದ್ದವರು. ಸಾಗರ ಸೀಮೆಯ ಗೇಣಿದಾರರ ಸ್ಥಿತಿ ಏನಿತ್ತು ಎಂಬುದಕ್ಕೆ 1951ರ ಕಾಗೋಡು ಸತ್ಯಾಗ್ರಹವೇ ಸಾಕ್ಷಿ. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರಕ್ಕಾಗಿ ರೈತರು ಜೈಲಿಗೆ ಹೋದರು, ಗಣಪತಿಯಪ್ಪನವರು ಮುಂದಾಳಾದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನಿಗೆ ಭೂಮಿ ಕೊಟ್ಟ ಭೂಸುಧಾರಣೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಿಂದ. ನಮ್ಮ ಗದ್ದೆ ಅಷ್ಟರಲ್ಲಿ ಹತ್ತು ವರ್ಷದಿಂದ ನೀರಿನ ಅಡಿಯಲ್ಲಿತ್ತು. 7ನೇ ನಮೂನೆ ತುಂಬಿ ಅರ್ಜಿ ಹಾಕಲು ನೆಲವೇ ಇರಲಿಲ್ಲ. ಅಜ್ಜ ಉಳುತ್ತಿದ್ದ ಗದ್ದೆಯ ಪರಿಹಾರದಲ್ಲಿ ಒಂದು ರೂಪಾಯಿಯೂ ಅವರ ಕೈಗೆ ಬರಲಿಲ್ಲ. ದಾಖಲೆ ಮಾತ್ರ ನೋಡಿ ಬರೆದರೆ ಇಂಥವರು ಆ ಕಣಿವೆಯಲ್ಲಿ ಇರಲೇ ಇಲ್ಲ ಎಂದಾಗುತ್ತದೆ. ಆದ್ದರಿಂದ ನಾನು ಮನೆಗಳನ್ನು ಖಾತೆಯ ಕ್ರಮದಲ್ಲಿ ಬರೆಯಲಿಲ್ಲ, ಲಾರಿಯಿಂದ ಇಳಿದ ಕ್ರಮದಲ್ಲಿ ಬರೆದೆ. ಕೂಲಿಗೆಂದು ಜೊತೆಗೆ ಬಂದವರೂ, ಎರಡು ವರ್ಷ ಇದ್ದು ತಾಳಲಾರದೆ ಬಿಟ್ಟು ಹೋದವರೂ ಆ ಕ್ರಮದಲ್ಲಿ ತಮ್ಮ ಜಾಗದಲ್ಲೇ ಬರುತ್ತಾರೆ.

ಅದೇ ನ್ಯಾಯ ಇನ್ನೊಂದು ಕಡೆಗೂ ಸಲ್ಲಬೇಕು. ನಾವು ಬಂದಾಗ ಈ ಕಾಡು ಖಾಲಿ ಇರಲಿಲ್ಲ. ಸುತ್ತಲಿನ ಹಳ್ಳಿಗಳ ದನ ಇಲ್ಲಿ ಮೇಯುತ್ತಿದ್ದವು, ಅವರ ಸೌದೆ, ಸೊಪ್ಪು, ಜೇನು ಇಲ್ಲಿಂದ ಹೋಗುತ್ತಿತ್ತು. ನಾವು ಬೇಲಿ ಹಾಕಿದೆವು. ಪಕ್ಕದ ಊರಿನ ಹಿರಿಯರ ಬಳಿ ಹೋಗಿ, ‘ನಾವು ಬಂದ ದಿನ ನಿಮಗೆ ಹೇಗಿತ್ತು?’ ಎಂದು ಕೇಳಿ ಬನ್ನಿ. ನಾನು ಅಳುಕುತ್ತಲೇ ಹೋದೆ. ಅವರು ಕಾಫಿ ಕೊಟ್ಟು, ಎರಡು ಗಂಟೆ ಮಾತನಾಡಿ, ನಮ್ಮವರು ಮೊದಲು ಕಡಿದ ದೊಡ್ಡ ಮರದಲ್ಲಿ ಪ್ರತಿ ವರ್ಷ ಹೆಜ್ಜೇನು ಕಟ್ಟುತ್ತಿತ್ತು ಎಂದು ಹೇಳಿದರು. ಅದು ನಮ್ಮ ಪುಸ್ತಕದಲ್ಲಿದೆ.

ನೆಲದ ಮೇಲೆ ನಡೆಯದೆ ಬರೆಯಬೇಡಿ. ಡ್ರಾಯಿಂಗ್ ಹಾಳೆಗಳನ್ನು ಅಂಟಿಸಿ, ಇಬ್ಬರು ಹಿರಿಯರನ್ನೂ ಒಬ್ಬ ಹೈಸ್ಕೂಲು ಹುಡುಗಿಯನ್ನೂ ಕರೆದುಕೊಂಡು ಊರ ಎಲ್ಲೆ ಸುತ್ತಿ. ಬಾವಿಗಳು, ಮೊದಲ ಕಣ, ಬನ, ಸ್ಮಶಾನ, ಅರಣ್ಯದ ಗಡಿಕಲ್ಲು, ಆನೆ ಕಂದಕ, ಎಲ್ಲವನ್ನೂ ಗುರುತಿಸಿ. ಗದ್ದೆಗಳಿಗೆ ಜನ ಕರೆಯುವ ಹೆಸರನ್ನೇ ಬರೆಯಿರಿ. ನಮ್ಮಲ್ಲಿ ‘ಲಾರಿಗದ್ದೆ’ ಎಂಬುದು ಇದೆ. ಈಗ ಅದನ್ನು ಉಳುವ ಹುಡುಗನಿಗೆ ಆ ಹೆಸರು ಏಕೆ ಬಂತೆಂದು ಗೊತ್ತಿರಲಿಲ್ಲ.

ಇನ್ನು ಊರಿನ ಹೆಸರು ಬರೆಯದಿರುವ ಕಾರಣ. ನಮ್ಮಂಥವರಿಗೆ ಕೊಟ್ಟದ್ದು ಕಾಡಿನ ನೆಲ. ಕೊಟ್ಟರು, ಆದರೆ ಬಹಳಷ್ಟು ಕಡೆ ಅರಣ್ಯದ ದಾಖಲೆಯಿಂದ ಅದನ್ನು ಬಿಡಿಸಲಿಲ್ಲ. ಕೆಲವು ಊರುಗಳು 1974ರಲ್ಲಿ ಘೋಷಣೆಯಾದ ಶೆಟ್ಟಿಹಳ್ಳಿ ಅಭಯಾರಣ್ಯದೊಳಗೆ ಸಿಕ್ಕಿಕೊಂಡವು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಕೇಂದ್ರದ ಒಪ್ಪಿಗೆ ಇಲ್ಲದೆ ಕಾಡಿನ ನೆಲವನ್ನು ಬಿಡಿಸುವಂತಿಲ್ಲ. ಹಾಗೆ ಒಪ್ಪಿಗೆಯಿಲ್ಲದೆ ರಾಜ್ಯ ಹೊರಡಿಸಿದ್ದ ಅಧಿಸೂಚನೆಗಳು 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋದವು. 60 ವರ್ಷ ಉಳುಮೆ ಮಾಡಿದವರ ಕೈಯಲ್ಲಿ ಇನ್ನೂ ಹಕ್ಕುಪತ್ರವಿಲ್ಲ. ಇಂಥ ಹೊತ್ತಿನಲ್ಲಿ ನೀವು ಅಭಿಮಾನದಿಂದ ಬರೆದ ‘ನಮ್ಮಜ್ಜ ಇನ್ನೆರಡು ಎಕರೆ ಕಾಡು ಕಡಿದರು’ ಎಂಬ ವಾಕ್ಯ ನಾಳೆ ಯಾರದೋ ವಿರುದ್ಧದ ಸಾಕ್ಷಿಯಾಗಬಹುದು. ಪ್ರಕರಣ ನಡೆಯುತ್ತಿರುವ ಮನೆಗಳ ಸರ್ವೆ ನಂಬರು ಮತ್ತು ವಿಸ್ತೀರ್ಣವನ್ನು ಅಚ್ಚಿನ ಪ್ರತಿಯಲ್ಲಿ ಹಾಕಬೇಡಿ. ಬೇರೆ ನೋಟುಪುಸ್ತಕದಲ್ಲಿ ಬರೆದು ಆ ಮನೆಯವರ ಕೈಗೇ ಕೊಡಿ. ಯಾರ ಮನೆಯ ಮೂಲ ಕಾಗದವನ್ನೂ ನಿಮ್ಮ ಮನೆಗೆ ತರಬೇಡಿ. ಅವರ ಅಂಗಳದಲ್ಲೇ, ಹಗಲ ಬೆಳಕಿನಲ್ಲಿ, ಫೋಟೊ ತೆಗೆದು ಹಿಂದಿರುಗಿಸಿ.

ಅಚ್ಚಿಗೆ ಕೊಡುವ ಮೊದಲು ಊರವರ ಎದುರು ಗಟ್ಟಿಯಾಗಿ ಓದಿ. ನಾವು ಶಾಲೆಯ ಜಗಲಿಯಲ್ಲಿ ಮೂರು ಸಂಜೆ ಓದಿದೆವು. ತಪ್ಪುಗಳು ಅಲ್ಲಿ ಸಿಕ್ಕಷ್ಟು ಎಲ್ಲೂ ಸಿಗಲಿಲ್ಲ. ಒಂದು ಅಧ್ಯಾಯವನ್ನು ಕೈಬಿಡಿ ಎಂದು ಒಬ್ಬ ಅಜ್ಜಿ ಕೇಳಿಕೊಂಡರು, ಬಿಟ್ಟೆ. ಆಮೇಲೆ ಜೆರಾಕ್ಸ್ ಮಾಡಿಸಿ ಹೊಲಿದು ಪ್ರತಿ ಮನೆಗೆ ಒಂದು, ಶಾಲೆಗೆ ಎರಡು, ಪಂಚಾಯಿತಿ ಗ್ರಂಥಾಲಯಕ್ಕೆ ಒಂದು ಕೊಟ್ಟೆವು. ಊರು ಬಿಟ್ಟು ಬೆಂಗಳೂರಿನಲ್ಲಿ ನೆಲೆಸಿರುವವರಿಗೂ ಕಳಿಸಿ. ಹಳೆಯ ಫೋಟೊಗಳು ಹೆಚ್ಚಾಗಿ ಅವರ ಬಳಿಯೇ ಇರುತ್ತವೆ, ಪುಸ್ತಕ ಕೈಗೆ ಬಂದ ಮೇಲೆ ಹುಡುಕಿ ತೆಗೆಯುತ್ತಾರೆ.

ಕೊನೆಯದಾಗಿ, ಸಾಧ್ಯವಿದ್ದರೆ ಹಿರಿಯರನ್ನು ಹಿನ್ನೀರಿಗೆ ಕರೆದುಕೊಂಡು ಹೋಗಿ. ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1,819 ಅಡಿ. ಮುಂಗಾರಿಗೆ ಮುಂಚೆ, ಮೇ ಕೊನೆಯ ಹೊತ್ತಿಗೆ, ನೀರು ಬಹಳ ಕೆಳಗೆ ಇಳಿದಿರುತ್ತದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಲಿಂಗನಮಕ್ಕಿಗೂ ಮುಂಚೆ ಕಟ್ಟಿದ್ದ ಹಿರೇಭಾಸ್ಕರದ ಅಣೆಕಟ್ಟೆ, ನಾವು ಮಡೆನೂರು ಡ್ಯಾಂ ಎನ್ನುವುದು, ಇಡಿಯಾಗಿ ಮೇಲೆ ಬಂದು ನಿಲ್ಲುತ್ತದೆ. ಬೆಳಗ್ಗೆ ಬೇಗ ಹೋಗಿ, ಕೊಡೆ ಮತ್ತು ನೀರು ಒಯ್ಯಿರಿ. ಒಣಗಿದಂತೆ ಕಾಣುವ ಕೆಸರಿನ ಮೇಲೆ ವಯಸ್ಸಾದವರನ್ನು ನಡೆಸಬೇಡಿ, ದಿಬ್ಬದ ಅಂಚು ಹಿಡಿದೇ ಹೋಗಿ.

ನಾನು ಸೋದರತ್ತೆಯನ್ನು ಕರೆದೊಯ್ದದ್ದು ಅಂಥ ಒಂದು ಮೇ ತಿಂಗಳಲ್ಲಿ. ಬೋಳು ಬಯಲಿನಲ್ಲಿ ಅವರಿಗೆ ಮೊದಲು ಏನೂ ಗುರುತು ಹತ್ತಲಿಲ್ಲ. ಆಮೇಲೆ ಬಾವಿಯ ಕಲ್ಲುಕಟ್ಟು ಸಿಕ್ಕಿತು. ಅದರ ಅಂಚಿಗೆ ಬೆನ್ನು ಕೊಟ್ಟು ನಿಂತು, ಸೊಂಟದ ಮೇಲೆ ಕೊಡವಿದ್ದಂತೆ ಎಡಗೈ ಬಾಗಿಸಿ, ಹೆಜ್ಜೆ ಎಣಿಸುತ್ತ ಹೊರಟರು. 42ಕ್ಕೆ ನಿಂತು ‘ಇದು ನಮ್ಮ ಮೆಟ್ಟಿಲು’ ಎಂದರು. ಕಾಲಿನಿಂದ ಮಣ್ಣು ಸರಿಸಿದಾಗ ಕಲ್ಲು ತಾಗಿತು. ನನ್ನ ನಕ್ಷೆಯಲ್ಲಿ ಆ ಜಾಗದಲ್ಲಿ ಬೇರೆಯವರ ಮನೆ ಇತ್ತು. ಆದ್ದರಿಂದ ನಕ್ಷೆಯನ್ನು ಪೆನ್ನಿನಲ್ಲಿ ಬರೆಯಬೇಡಿ, ಪೆನ್ಸಿಲಿನಲ್ಲಿ ಬರೆಯಿರಿ, ಒಂದು ರಬ್ಬರನ್ನೂ ಜೊತೆಗೆ ಒಯ್ಯಿರಿ. ಅಲ್ಲೇ, ಆ ಕಲ್ಲಿನ ಮೇಲೆ ಹಾಳೆ ಹಾಸಿ, ಎರಡು ಮನೆಗಳನ್ನು ಅದಲುಬದಲು ಮಾಡಿದೆ.